ಚಿಕ್ಕಪ್ಪನ ಗಾಡಿಯ ಹೊಳಪು

ನಮ್ಮ ಮನೆಯಲ್ಲಿ ಅಪ್ಪ ಮತ್ತು ಚಿಕ್ಕಮ್ಮ ಒಬ್ಬರಿಗೊಬ್ಬರು ನೇರವಾಗಿ ಮಾತಾಡುತ್ತಿರಲಿಲ್ಲ. ಜಗಳವೇನೂ ಇರಲಿಲ್ಲ. ತಮ್ಮನ ಹೆಂಡತಿ ಗಂಡನ ಅಣ್ಣನ ಎದುರು ನಿಂತು ಮಾತಾಡಬಾರದು ಎನ್ನುವುದು ಅಜ್ಜಿ ನಡೆಸಿಕೊಂಡು ಬಂದ ಪದ್ಧತಿ, ಅಜ್ಜಿಗೆ ಅವರ ಅತ್ತೆ ಕಲಿಸಿದ್ದು. ಚಿಕ್ಕಮ್ಮ ಅಡುಗೆಮನೆಯ ಬಾಗಿಲ ಹಿಂದೆ, ಅಪ್ಪ ನಡುಮನೆಯ ಕಂಬದ ಹತ್ತಿರ, ಮಧ್ಯೆ ನಾನು. ನನ್ನನ್ನು ಹೆತ್ತವಳು ನನಗೆ ನೆನಪಿಲ್ಲ. ಅಜ್ಜಿಗೆ ಕಿವಿ ಮಂದ. ಹಾಗಾಗಿ ಮಾತು ಒಯ್ಯುವ ಕೆಲಸ ನನಗೇ ಬಿತ್ತು. ಊಟಕ್ಕೆ ಕೂತ ಅಪ್ಪ ತಟ್ಟೆ ನೋಡಿಕೊಂಡು ಹೇಳುತ್ತಿದ್ದರು:

"ಪದ್ಮೀ, ಸಾರಿಗೆ ಉಪ್ಪು ಸ್ವಲ್ಪ ಕಮ್ಮಿ ಅಂತ ಹೇಳು."

ಬಾಗಿಲ ಹಿಂದಿದ್ದವಳಿಗೆ ಅದು ಕೇಳಿಸಿ, ಉಪ್ಪಿನ ಮರಿಗೆ ಕೈಗೆ ಬಂದಿರುತ್ತಿತ್ತು. ಆದರೂ ನಾನು ಎದ್ದು ಹೋಗಿ "ಉಪ್ಪು ಕಮ್ಮಿಯಂತೆ" ಅನ್ನಬೇಕು. ಅವಳು "ಹಾಕ್ಕೋಬೇಕಂತೆ ಅನ್ನು" ಅಂತ ಉಪ್ಪು ಕೊಡಬೇಕು. ಇಬ್ಬರಿಗೂ ಎಲ್ಲ ಕೇಳಿಸುತ್ತಿತ್ತು, ಇಬ್ಬರೂ ಏನೂ ಕೇಳಿಸದವರ ಹಾಗೆ ಇರುತ್ತಿದ್ದರು. ಆಗ ನನಗೆ ಅದರಲ್ಲಿ ದೊಡ್ಡಸ್ತಿಕೆ, ನಾನಿಲ್ಲದೆ ಈ ಮನೆ ನಡೆಯುವುದಿಲ್ಲ ಅಂದುಕೊಂಡಿದ್ದೆ. ಈಗ ನನ್ನ ಮಗಳು ಬಂದು "ಅಪ್ಪ ಹೀಗೆ ಹೇಳಿದ್ರು" ಅಂದರೆ ಮೈ ಉರಿಯುತ್ತದೆ. ಅವರಿಗೇನು ಬಾಯಿಲ್ಲವಾ, ಬಂದು ಹೇಳಲಿ, ಅನ್ನುತ್ತೇನೆ. ನನ್ನ ಗಂಡನಿಗೆ ನಾನು ಯಾಕೆ ಇಷ್ಟು ರೇಗುತ್ತೇನೆ ಎಂದು ಇವತ್ತಿಗೂ ಅರ್ಥವಾಗಿಲ್ಲ.

ಹಳೇಬೀಡಿನಲ್ಲಿ ಬಸ್ತಿಹಳ್ಳಿ ಕಡೆಗೆ ಹೋಗುವ ಬೀದಿಯಲ್ಲಿ ನಮ್ಮ ಮನೆ. ಮುಂದೆ ಜಗಲಿ, ಪಕ್ಕದಲ್ಲಿ ಹೆಂಚಿನ ಸೂರಿನ ಕೆಳಗೆ ಕೊಬ್ಬರಿ ಚೀಲ ಪೇರಿಸುವ ಜಾಗ, ಒಳಗೆ ನಡುಮನೆ, ಅದಕ್ಕೆ ಅಂಟಿಕೊಂಡಂತೆ ಪುಟ್ಟ ದೇವರಕೋಣೆ. ನಾವು ಬಸದಿಗೆ ನಡೆದುಕೊಳ್ಳುವ ಜನ. ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯುವಂತಿಲ್ಲ. ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕು, ತಡವಾದರೆ ಆ ರಾತ್ರಿ ಉಪವಾಸ. ಅಪ್ಪ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದರು. ಅರಸೀಕೆರೆ ಮಾರುಕಟ್ಟೆಗೆ ಹೋದ ದಿನ ಸೂರ್ಯನ ಜೊತೆ ಪಂದ್ಯ ಕಟ್ಟಿದವರ ಹಾಗೆ ಬಸ್ಸಿಳಿದು ದಾಪುಗಾಲು ಹಾಕಿಕೊಂಡು ಬರುತ್ತಿದ್ದರು. ನಗು ಕಮ್ಮಿ, ಮಾತು ಇನ್ನೂ ಕಮ್ಮಿ. ಅವರ ತಮ್ಮ ಧರಣಿ ಚಿಕ್ಕಪ್ಪ ಮಾತ್ರ ಬೇರೆಯದೇ ಮಣ್ಣಿನಲ್ಲಿ ಮಾಡಿದ ಹಾಗಿದ್ದ. ಅಜ್ಜ ತೀರಿಕೊಂಡಾಗ ಅವನಿನ್ನೂ ಅಂಬೆಗಾಲಿಡುವ ಕೂಸಂತೆ, ಹೆಗಲ ಮೇಲೆ ಹೊತ್ತು ಬೆಳೆಸಿದವರು ಅಪ್ಪ. ಅಂಥ ಚಿಕ್ಕಪ್ಪ ಒಂದು ದಿನ ಅಣ್ಣನನ್ನು ಒಂದು ಮಾತೂ ಕೇಳದೆ ಬೇಲೂರಿನಿಂದ ಮೋಟಾರ್ ಸೈಕಲ್ ಹತ್ತಿಕೊಂಡು ಬಂದುಬಿಟ್ಟ. ಯಾರೋ ಓಡಿಸಿ ಬಿಟ್ಟದ್ದು, ಕೆಂಗಂದು ಬಣ್ಣದ್ದು. ಬೀದಿಯವರೆಲ್ಲ ಬಂದು ಸುತ್ತ ನಿಂತರು. ಅಪ್ಪ ಜಗಲಿಯಿಂದ ಒಂದು ಸಲ ನೋಡಿ "ಮೆರೆಯೋಕೆ ತಂದಿದ್ದಾನೆ" ಅಂತ ಒಳಗೆ ಹೋದರು. ಆಮೇಲೂ ಅವರು ಅದರ ಮೇಲೆ ಕೂರಲಿಲ್ಲ. ಅರಸೀಕೆರೆಗೆ ಬಿಡ್ತೀನಿ ಬಾ ಅಣ್ಣ ಅಂತ ಚಿಕ್ಕಪ್ಪ ಗೋಗರೆದರೂ ಕೇಳದೆ ಬಸ್ಸಿಗೇ ಹೋಗುತ್ತಿದ್ದರು. ಒಂದು ಸಲ ಚಿಕ್ಕಪ್ಪ ಬಸ್ಸಿನ ಹಿಂದೆಯೇ ಗಾಡಿ ಬಿಟ್ಟುಕೊಂಡು ಮಾದಿಹಳ್ಳಿಯವರೆಗೂ ಹೋಗಿ, ಕಿಟಕಿಯಲ್ಲಿದ್ದ ಅಪ್ಪನಿಗೆ ಕೈ ಬೀಸಿ ಬಂದಿದ್ದ.

ಅಜ್ಜಿಯ ತಕರಾರು ಬೇರೆ. ಸಂಜೆಯ ಹೊತ್ತು ದ್ವಾರಸಮುದ್ರದ ಕೆರೆ ಏರಿಯ ಕಡೆಯಿಂದ ಬಂದರೆ ಗಾಡಿಯ ಮುಂದೀಪದ ಗಾಜಿನ ತುಂಬ ಹುಳ ಬಡಿದು ಸತ್ತಿರುತ್ತಿದ್ದವು. ಇರುವೆಯನ್ನೂ ನೋಡಿ ಕಾಲಿಡುವ ಅಜ್ಜಿಗೆ ಅದನ್ನು ನೋಡಲಾಗುತ್ತಿರಲಿಲ್ಲ.

"ಇದು ಗಾಡಿಯಲ್ಲ ಕಣೋ ಧರಣಿ, ಜೀವ ತೆಗೆಯೋ ಯಂತ್ರ. ಅದರ ಮಕ ನೋಡು ಹೆಂಗೈತೆ."

"ಅವೇ ಬಂದು ಬಡ್ಕೊಂತಾವೆ ಕಣಮ್ಮ, ನಾನೇನ್ ಮಾಡ್ಲಿ?"

"ಅವುಕ್ಕೇನು ಗೊತ್ತು ನೀನು ಬತ್ತೀಯ ಅಂತ? ಒರೆಸದೆ ಹೊಸ್ತಿಲು ದಾಟಬ್ಯಾಡ, ಅಷ್ಟೇ."

ಚಿಕ್ಕಪ್ಪನ ಗಾಡಿ ಒರೆಸುವ ಕೆಲಸ ಶುರುವಾದದ್ದು ಹಾಗೆ. ಮೊದಲು ಒದ್ದೆ ಬಟ್ಟೆಯಲ್ಲಿ ಗಾಜಿನ ಮೇಲಿನ ಹುಳಗಳನ್ನು ಮೆಲ್ಲಗೆ ತೆಗೆಯುತ್ತಿದ್ದ, ತೆಗೆಯುವಾಗ ಬಾಯಲ್ಲಿ ಮಂತ್ರ. ಅರ್ಧ ತಮಾಷೆ, ಅರ್ಧ ನಿಜ. ಆಮೇಲೆ ಒಣ ಬಟ್ಟೆ. ಕೊನೆಗೆ ಬೆಳ್ಳಿಯಂತೆ ಹೊಳೆಯುವ ಭಾಗಗಳಿಗೆಲ್ಲ ತೆಂಗಿನೆಣ್ಣೆಯ ಒಂದು ತೊಟ್ಟು ಹಚ್ಚಿ, ಹಳೇ ಪಂಚೆಯ ತುಂಡಿನಿಂದ ಮೇಲಿನಿಂದ ಕೆಳಕ್ಕೆ ತೀಡುತ್ತಿದ್ದ. ನಮ್ಮ ದೇವರಕೋಣೆಯ ಪುಟ್ಟ ಹಿತ್ತಾಳೆ ವಿಗ್ರಹವನ್ನು ಅಭಿಷೇಕವಾದ ಮೇಲೆ ಒರೆಸುವುದೂ ಹೀಗೆಯೇ. ನೆತ್ತಿಯಿಂದ ಪಾದಕ್ಕೆ, ಕೈ ಹಗುರ, ಉಜ್ಜುವಂತಿಲ್ಲ. ಹುಣಸೆಹಣ್ಣು ಹಾಕಿ ತಿಕ್ಕಿದರೆ ಮೂಗು ಕಣ್ಣು ಸವೆದುಹೋಗುತ್ತದೆ ಎಂದು ಅಜ್ಜಿ ನಮಗೆಲ್ಲ ಹೇಳಿಕೊಟ್ಟಿದ್ದರು. ಚಿಕ್ಕಪ್ಪನಿಗೆ ಬೇರೆ ರೀತಿ ಒರೆಸಲು ಬರುತ್ತಲೇ ಇರಲಿಲ್ಲ. ಅವನು ಒರೆಸುವಾಗ ಚಿಕ್ಕಮ್ಮ ಮೊರ ಹಿಡಿದು ಜಗಲಿಗೆ ಬಂದು ಅಕ್ಕಿ ಆರಿಸುತ್ತ ಕೂರುತ್ತಿದ್ದಳು. ಹಿರಿಯರಿದ್ದ ಮನೆಯಲ್ಲಿ ಗಂಡ ಹೆಂಡತಿ ಸುಮ್ಮನೆ ಕೂತು ಮಾತಾಡುವುದುಂಟೇ? ಗಾಡಿ ಒರೆಸುವ ನೆಪ, ಅಕ್ಕಿಯ ನೆಪ. ಒಂದೇ ಅಕ್ಕಿಯನ್ನು ಅವಳು ಎಷ್ಟು ಸಲ ಆರಿಸುತ್ತಿದ್ದಳೋ. ಅವರು ಏನು ಮಾತಾಡಿಕೊಳ್ಳುತ್ತಿದ್ದರು ಎನ್ನುವುದು ನನಗೆ ನೆನಪಿಲ್ಲ, ಅವರ ನಗು ಮಾತ್ರ ನೆನಪಿದೆ.

ಎಷ್ಟು ಒರೆಸಿದರೂ ಆ ಗಾಡಿಯಲ್ಲಿ ಎರಡು ಕಡೆ ಹೊಳಪು ಬರುತ್ತಿರಲಿಲ್ಲ. ಒಂದು, ಪೆಟ್ರೋಲ್ ಟ್ಯಾಂಕಿನ ಎಡಗಡೆ. ಚಿಕ್ಕಪ್ಪನಿಗೆ ಎಡಮಂಡಿಯನ್ನು ಟ್ಯಾಂಕಿಗೆ ಒತ್ತಿಕೊಂಡು ಓಡಿಸುವ ಅಭ್ಯಾಸ. ಅಲ್ಲಿ ಅಂಗೈಯಗಲ ಬಣ್ಣ ಮಾಸಿ, ಮುಟ್ಟಿದರೆ ನವಿರಾಗಿ ತಗ್ಗಾಗಿತ್ತು. ಇನ್ನೊಂದು, ಸೀಟಿನ ಹಿಂದೆ ಹಿಡಿದುಕೊಳ್ಳುವ ಸರಳು. ಹಾರನಹಳ್ಳಿಯ ತೌರುಮನೆಗೆ ಹೋಗುವಾಗೆಲ್ಲ ಚಿಕ್ಕಮ್ಮ ಒಂದು ಪಕ್ಕಕ್ಕೆ ಕೂತು ಆ ಸರಳನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದಳು. ಅವಳ ಬಳೆಗಳು ಉಜ್ಜಿ ಉಜ್ಜಿ ಸಣ್ಣ ಗೀರುಗಳು ಬಿದ್ದಿದ್ದವು.

ಚಿಕ್ಕಪ್ಪನಿಗೆ ಕಾಮಾಲೆಯಾಯಿತು. ಮೊದಲು ನಾಟಿ ಔಷಧಿ, ಪಥ್ಯ. ಆಮೇಲೆ ಹಾಸನದ ಆಸ್ಪತ್ರೆ. ಹೋಗುವಾಗ ಬಾಡಿಗೆ ಕಾರಿನಲ್ಲಿ ಒರಗಿಕೊಂಡು, ಗಾಡಿ ಮೇಲೆ ಚೀಲ ಹೊದಿಸಿಡು, ಧೂಳು ಕೂರುತ್ತೆ, ಅಂತ ನನಗೆ ಹೇಳಿ ಹೋದ. ಬರುವಾಗ ಅವನಿಗೇ ಬಿಳಿ ಬಟ್ಟೆ ಹೊದಿಸಿದ್ದರು. ಇದರ ಬಗ್ಗೆ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ. ಅಜ್ಜಿ ಎದೆ ಬಡಿದುಕೊಂಡು ಅತ್ತರು. ಚಿಕ್ಕಮ್ಮ ಅತ್ತೂ ಅತ್ತೂ ದನಿ ಹೋಗಿ ಕೂತಳು. ಅಪ್ಪ ಮಾತ್ರ ಅಳಲಿಲ್ಲ. ಬಂದವರಿಗೆ ಚಾಪೆ ಹಾಸಿ, ಹೋಗುವವರನ್ನು ಬೀದಿಯ ತುದಿಯವರೆಗೆ ಬಿಟ್ಟು ಬರುತ್ತಿದ್ದರು. ಎಂಥ ಕಲ್ಲೆದೆ ಅಂತ ಜನ ಆಡಿಕೊಂಡದ್ದು ನನ್ನ ಕಿವಿಗೂ ಬಿತ್ತು.

ಮೂಲೆಯಲ್ಲಿ ಕೂತಿದ್ದ ಚಿಕ್ಕಮ್ಮ ಎದ್ದು ಬಂದು ಮಾಡಿದ ಮೊದಲ ಕೆಲಸ ಗಾಡಿ ಒರೆಸಿದ್ದು. ಸೂರಿನ ಕೆಳಗೆ ಕೊಬ್ಬರಿ ಚೀಲಗಳ ಪಕ್ಕ ನಿಂತಿದ್ದ ಅದನ್ನು ಮಧ್ಯಾಹ್ನದ ಊಟವಾದ ಮೇಲೆ ದಿನಾಲೂ ಒರೆಸುತ್ತಿದ್ದಳು. ಎಲ್ಲಿಗೂ ಹೋಗದ ಗಾಡಿಗೆ ಹುಳ ಎಲ್ಲಿಂದ ಬರಬೇಕು? ಆದರೂ ಮೊದಲು ಗಾಜು, ಆಮೇಲೆ ಒಣ ಬಟ್ಟೆ, ಆಮೇಲೆ ಎಣ್ಣೆ. ಟ್ಯಾಂಕಿನ ಎಡಗಡೆಗೆ ಬಂದಾಗ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, ಮಾಸಿದ ಜಾಗದ ಮೇಲೆ ಬರಿಯ ಹೆಬ್ಬೆರಳನ್ನು ಆಡಿಸುತ್ತ ನಿಂತುಬಿಡುತ್ತಿದ್ದಳು. ಅವಳು ಗಾಡಿಯನ್ನು ಕಾಯುತ್ತಿರಲಿಲ್ಲ, ಅಂಗೈಯಗಲದ ಆ ಮಾಸಲನ್ನು ಕಾಯುತ್ತಿದ್ದಳು. ಅವನ ಬಟ್ಟೆಬರೆ ಪದ್ಧತಿಯಂತೆ ಯಾರಿಗೋ ಹೋಗಿದ್ದವು. ಅವನ ಮೈ ತಾಗಿದ ಗುರುತು ಅಂತ ಅವಳ ಕೈಗೆ ಸಿಗುವಂತೆ ಉಳಿದದ್ದು ಅದೊಂದೇ. ಇದೆಲ್ಲ ನನಗೆ ಈಗ ಗೊತ್ತು. ಆಗ ನಮಗೆ ಯಾರಿಗೂ ಗೊತ್ತಿರಲಿಲ್ಲ, ಅವಳು ಯಾರಿಗೂ ಹೇಳಿರಲಿಲ್ಲ.

ನಡುಮನೆಯ ಕಿಟಕಿಯಿಂದ ಅಪ್ಪ ಇದನ್ನು ನೋಡುತ್ತಿದ್ದರು. ಒಂದು ದಿನ ನನ್ನನ್ನು ಕರೆದರು.

"ಗಾಡಿಗೆ ಏನಾದ್ರೂ ಆಗ್ಬೇಕಾ ಅಂತ ಕೇಳ್ಕೊಂಡು ಬಾ."

ನಾನು ಹೋಗಿ ಕೇಳಿದೆ. ಚಿಕ್ಕಮ್ಮ ಬೆಚ್ಚಿದವಳಂತೆ ಕೈ ತೆಗೆದು, "ಏನೂ ಬೇಡ ಅನ್ನು" ಅಂದಳು. ಬಂದು ಹೇಳಿದೆ.

"ಏನೂ ಬೇಡವಂತೆ."

"ಬೇಡ ಅಂತಾಳೆ, ಪಾಪ. ಬೇಕು ಅಂತ ಹೆಂಗೆ ಹೇಳ್ತಾಳೆ?"

ನಮ್ಮ ಮನೆಯಲ್ಲಿ ಹೆಂಗಸರ "ಏನೂ ಬೇಡ"ಕ್ಕೆ ಅದೇ ಅರ್ಥ. ಹಬ್ಬಕ್ಕೆ ಸೀರೆ ಬೇಡ ಅಂದರೆ ಬೇಕು ಅಂತ, ಇನ್ನೊಂದು ತುತ್ತು ಬೇಡ ಅಂದರೆ ಹಸಿವಿದೆ ಅಂತ. ಅಷ್ಟು ಕಾಲ ಬಾಗಿಲ ಹಿಂದಿನ "ಬೇಡ"ಗಳನ್ನು ಹಾಗೆಯೇ ಅರ್ಥ ಮಾಡಿಕೊಂಡು ಬಂದಿದ್ದ ಅಪ್ಪನಿಗೆ, ಇವಳು ಎಷ್ಟು ತಿಕ್ಕಿದರೂ ಆ ಕಲೆ ಹೋಗುತ್ತಿಲ್ಲ, ಅದಕ್ಕೇ ಕೊರಗುತ್ತಿದ್ದಾಳೆ ಅನ್ನಿಸಿತು. ನೇರವಾಗಿ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳುವ ಪದ್ಧತಿ ಇರಲಿಲ್ಲ.

ಆಯುಧಪೂಜೆ ಹತ್ತಿರ ಬಂದಿತ್ತು. ತಾಯಿಗೆ ಮೈ ಹುಷಾರಿಲ್ಲವೆಂದು ಚಿಕ್ಕಮ್ಮ ಹಾರನಹಳ್ಳಿಗೆ ಹೋದಳು. ಅವಳ ಬಸ್ಸು ಹೋದದ್ದೇ ತಡ, ಅಪ್ಪ ಕೊಬ್ಬರಿ ಲಾರಿಯ ಮೇಲೆ ಹುಲ್ಲು ಹಾಸಿ ಗಾಡಿಯನ್ನು ಏರಿಸಿದರು. ಅವರಿಗೆ ಓಡಿಸಲು ಬರುತ್ತಿರಲಿಲ್ಲ. ಚಿಕ್ಕಪ್ಪ ಹೋದ ಮೇಲೆ ಅದನ್ನು ಯಾರೂ ಓಡಿಸಿರಲೂ ಇಲ್ಲ. ನಾನೂ ಬರುತ್ತೇನೆಂದು ಹಟ ಹಿಡಿದು ಡ್ರೈವರನ ಪಕ್ಕ ಅಪ್ಪನ ತೊಡೆಯ ಮೇಲೆ ಕೂತು ಅರಸೀಕೆರೆಗೆ ಹೋದೆ. ರೈಲ್ವೆ ಸ್ಟೇಷನ್ನಿನ ಆಚೆ ತಗಡಿನ ಶೆಡ್ಡು, ಗೋಡೆಗೆ ಬಿಗಿದ ಮೋಟಾರು, ಅದರ ತುದಿಗೆ ಬಟ್ಟೆಯ ಪದರ ಪದರ ಸೇರಿಸಿ ಹೊಲಿದ ದಪ್ಪ ಚಕ್ರ. ಅದಕ್ಕೆ ಒತ್ತಿ ಹೊಳಪು ಬರಿಸುವುದಕ್ಕೆ ಬಫ್ ಹೊಡೆಯುವುದು ಅನ್ನುತ್ತಿದ್ದರು. ಬಾಯಿಗೆ ಟವೆಲ್ ಕಟ್ಟಿಕೊಂಡ ಶೆಡ್ಡಿನವನು ಗಾಡಿಯ ಸುತ್ತ ಒಂದು ಸುತ್ತು ಬಂದ.

"ಟ್ಯಾಂಕಿಗೆ ಎಮರಿ ಕಾಗದ ಹಿಡಿದು ಉಜ್ಜಿ, ಒಂದು ಕೋಟು ಬಣ್ಣ ಕೊಟ್ಟು, ಬಫ್ ಹೊಡೆದ್ರೆ ಮುಗೀತು ಸ್ವಾಮಿ. ಇಲ್ಲಿ ಮಾಸಿತ್ತು ಅಂತ ನಿಮಗೇ ಗೊತ್ತಾಗಾಕಿಲ್ಲ."

"ಹೊಸದರ ಹಂಗೆ ಆಗ್ಬೇಕು ನೋಡಪ್ಪ."

"ಮಕ ನೋಡ್ಕೋಬೇಕು, ಹಂಗೆ ಮಾಡಿ ಕೊಡ್ತೀನಿ."

ಮೋಟಾರು ಶುರುವಾದಾಗ ತಗಡೆಲ್ಲ ಅದುರಿತು. ಅವನು ಚಕ್ರಕ್ಕೆ ಸೋಪಿನ ಹಾಗಿನ ಮೇಣದ ತುಂಡೊಂದನ್ನು ಹಿಡಿದು, ಆಮೇಲೆ ಬಿಚ್ಚಿಟ್ಟಿದ್ದ ಸರಳನ್ನು ಒತ್ತಿದ. ಕರೀ ಮಸಿ ಹಾರಿತು. ಬಳೆಯ ಗೀರುಗಳಿದ್ದ ಕಡೆ ಕಣ್ಣು ಕುಕ್ಕುವ ಬೆಳಕು ಕಾಣಿಸಿತು. ನಾನು ಚಪ್ಪಾಳೆ ತಟ್ಟಿದೆ. ಅಷ್ಟರಲ್ಲಿ ಕರೆಂಟು ಹೋಯಿತು. ಬರುವುದು ಯಾವಾಗಲೋ ಎಂದು ನಾವು ಹೊರಗೆ ಹೊಂಗೆಮರದ ಕೆಳಗೆ ಕೂತೆವು. ಅಪ್ಪ ಹೊರಗೆ ನೀರನ್ನೂ ಮುಟ್ಟುವವರಲ್ಲ. ಮನೆಯಿಂದ ತಂದಿದ್ದ ಅವಲಕ್ಕಿ, ಸೋಸಿದ ನೀರು ಬಿಚ್ಚಿ ನನಗೆ ಕೊಟ್ಟು, ತಾವು ತಿನ್ನದೆ ಶೆಡ್ಡಿನ ಕಡೆಗೇ ನೋಡುತ್ತಿದ್ದರು.

"ಒಂದು ಸಲನಾದ್ರೂ ಅವನ ಹಿಂದೆ ಕೂರ್ಬೇಕಾಗಿತ್ತು ಕಣೇ ಪದ್ಮಿ. ಎಷ್ಟು ಕರೀತಿದ್ದ."

ಅದು ಯಾರಿಗೂ ಒಯ್ಯಬೇಕಾದ ಮಾತಾಗಿರಲಿಲ್ಲ. ಅಪ್ಪ ಪಂಚೆಯ ಚುಂಗಿನಿಂದ ಮುಖ ಒರೆಸಿಕೊಂಡು, ಶೆಕೆ ಅಂದರು.

ಗಾಡಿ ಮನೆಗೆ ಬಂದಾಗ ನಿಜವಾಗಿಯೂ ಹೊಸದೇ ಆಗಿತ್ತು. ಅಜ್ಜಿ ಅದರಲ್ಲಿ ತಮ್ಮ ಮುಖ ಕಂಡು ಹಿಂದೆ ಸರಿದರು. ಚಿಕ್ಕಮ್ಮ ಬರುವ ದಿನ ಅಪ್ಪ ಅಂಗಡಿ ಬೀದಿಗೂ ಹೋಗದೆ, ಗಾಡಿಗೆ ಬಿಳಿ ದುಪ್ಪಟಿ ಹೊದಿಸಿ, ಮೂರು ಸಲ ಎಳೆದು ಸರಿಮಾಡಿ ಕಾದರು. ಅವಳು ಕೈಕಾಲು ತೊಳೆದದ್ದೇ ನನಗೆ ಸನ್ನೆ ಮಾಡಿ, ತಾವು ನಡುಮನೆಯ ಬಾಗಿಲ ಹಿಂದೆ ಸರಿದು ನಿಂತರು. ಗಂಡಸೊಬ್ಬ ಬಾಗಿಲ ಹಿಂದೆ ನಿಂತದ್ದನ್ನು ನಮ್ಮ ಮನೆಯಲ್ಲಿ ನಾನು ಕಂಡದ್ದು ಅದೊಂದೇ ಸಲ. ನಾನು ದುಪ್ಪಟಿ ಎಳೆದೆ.

ಚಿಕ್ಕಮ್ಮನ ಕೈ ನೇರವಾಗಿ ಟ್ಯಾಂಕಿನ ಎಡಗಡೆಗೆ ಹೋಯಿತು. ಹೆಬ್ಬೆರಳು ಆಡಿತು, ಇನ್ನೂ ಸ್ವಲ್ಪ ಮೇಲೆ ಹುಡುಕಿತು, ಕೆಳಗೆ ಹುಡುಕಿತು. ಅವಳು ಹಿಂದಕ್ಕೆ ಹೋಗಿ ಸರಳನ್ನು ಮುಟ್ಟಿದಳು. ಅದರಲ್ಲಿ ಅವಳ ಬಳೆಯಿಲ್ಲದ ಬೋಳು ಕೈ ಕಂಡಿತು. ಆಮೇಲೆ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು. ನಾನು ಅವಳ ಮುಖ ನೋಡಿ ಹೆದರಿದೆ.

"ಚಿಕ್ಕಮ್ಮಾ, ಚೆನ್ನಾಗಿಲ್ವಾ?"

"ಚೆನ್ನಾಗಿದೆ ಅನ್ನು, ಭಾವನೋರಿಗೆ. ತುಂಬ ಚೆನ್ನಾಗಿದೆ ಅನ್ನು."

ನಾನು ಹೇಳಿದೆ. ಅಪ್ಪ "ಹೌದಂತಾ?" ಅಂತ ಎರಡು ಸಲ ಕೇಳಿದರು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ.

ಆಮೇಲೆ ಚಿಕ್ಕಮ್ಮ ಗಾಡಿ ಒರೆಸಲಿಲ್ಲ. ಮರುದಿನ, ದಣಿದಿದ್ದಾಳೆ ಅಂತ ಅಪ್ಪ ಅಂದುಕೊಂಡರು. ಆಯುಧಪೂಜೆಗೆ ಅಪ್ಪನೇ ಹೂವು ಹಾಕಿದರು, ಅವಳು ಆಚೆಗೆ ಬರಲಿಲ್ಲ. ಹೂವು ಬಾಡಿತು, ಕೊಬ್ಬರಿ ಚೀಲದ ಧೂಳು ಹೊಸ ಬಣ್ಣದ ಮೇಲೆ ಎದ್ದು ಕಾಣತೊಡಗಿತು. ಕಡೆಗೊಂದು ಮಧ್ಯಾಹ್ನ ಅಪ್ಪನೇ ಪಂಚೆ ಎತ್ತಿಕಟ್ಟಿ, ಗಾಡಿ ಒರೆಸುವ ಆ ಹಳೇ ಪಂಚೆಯ ತುಂಡು ಹಿಡಿದು ಕೂತರು. ಅವರಿಗೂ ಒರೆಸಲು ಬರುತ್ತಿದ್ದುದು ಆ ಒಂದೇ ರೀತಿ, ಮೇಲಿನಿಂದ ಕೆಳಕ್ಕೆ. ಚಿಕ್ಕಮ್ಮ ಅಡುಗೆಮನೆಯ ಪಕ್ಕದ ಬಾಗಿಲಲ್ಲಿ ನಿಂತಿದ್ದಳು. ಅಪ್ಪ ಎಂದಿನಂತೆ ನನ್ನ ಕಡೆ ನೋಡಿ ಹೇಳಿದರು.

"ಈ ಎಡಗಡೆ ಇದ್ದ ಕಲೆ ಎಷ್ಟು ಹಟಮಾರಿ ಅಂತೀಯ. ಶೆಡ್ಡಿನವನಿಗೂ ಸಾಕಾಗಿ ಹೋಯ್ತು. ನಿನ್ನ ಚಿಕ್ಕಮ್ಮ ಅದನ್ನ ತಿಕ್ಕಿ ತಿಕ್ಕಿ ಬೆರಳು ಸವೆಸ್ಕೊಂಡಿದ್ದು ಸಾಕು ಅಂತ ಹೇಳು."

ನಾನು ಬಾಯಿ ತೆರೆಯುವ ಮೊದಲೇ ಬಾಗಿಲಿನಿಂದ ಉತ್ತರ ಬಂತು.

"ಕಲೆ ಅಲ್ಲ ಭಾವ. ಅವರ ಮಂಡಿ ತಾಗ್ತಿದ್ದ ಜಾಗ ಅದು."

ಅಪ್ಪನ ಕೈ ನಿಂತಿತು. ಅಷ್ಟು ವರ್ಷ ಒಂದೇ ಸೂರಿನ ಕೆಳಗೆ ಇದ್ದು ಅವಳು ಅವರಿಗೆ ಆಡಿದ ಮೊದಲ ಮಾತು ಅದು. ಅವರು ಟ್ಯಾಂಕಿನ ಮೇಲೆ ಅಂಗೈ ಇಟ್ಟು, ಚಿಕ್ಕಮ್ಮ ಮಾಡಿದ ಹಾಗೆಯೇ ಮೇಲೆ ಕೆಳಗೆ ತಡವಿದರು. ಆಮೇಲೆ ಅಲ್ಲೇ ನೆಲದ ಮೇಲೆ ಕುಸಿದು ಕೂತು, ಗಾಡಿಯ ಚಕ್ರಕ್ಕೆ ಹಣೆ ಒತ್ತಿ ದೊಡ್ಡ ದನಿಯಲ್ಲಿ ಅತ್ತರು. ಕಿವಿ ಮಂದವಾದ ಅಜ್ಜಿಯೂ ಅದು ಕೇಳಿಸಿ ಓಡಿ ಬಂದರು.

"ನಿನ್ನನ್ನ ಕೇಳ್ಬೇಕಾಗಿತ್ತು ತಾಯಿ. ಒಂದು ಮಾತು ಕೇಳ್ಬೇಕಾಗಿತ್ತು."

"ನೀವು ಒಳ್ಳೇದಕ್ಕೇ ಮಾಡಿದ್ರಿ."

"ಅವನನ್ನ ಇನ್ನೊಂದು ಸಲ ಕಳಿಸಿಬಿಟ್ನಲ್ಲಮ್ಮ."

ಅಪ್ಪನನ್ನು ಚಿಕ್ಕಮ್ಮ ಕ್ಷಮಿಸಿದಳು ಅಂತಲೇ ನನ್ನ ನಂಬಿಕೆ. ಆದರೆ ಹೋದದ್ದು ಹೋಗಿತ್ತು, ಅದನ್ನು ತಂದುಕೊಡುವ ಯಂತ್ರ ಯಾವ ಶೆಡ್ಡಿನಲ್ಲೂ ಇರಲಿಲ್ಲ. ಕೆಲವು ದಿನ ಕಳೆದ ಮೇಲೆ ಅವಳು ನಡುಮನೆಗೇ ಬಂದು ನಿಂತು ಹೇಳಿದಳು.

"ಭಾವ, ಗಾಡೀನ ಯಾರಿಗಾದ್ರೂ ಕೊಟ್ಬಿಡಿ. ಮುಟ್ಟಿದ್ರೆ ಕೈಗೆ ಯಾರೂ ಸಿಗಲ್ಲ."

ಅಪ್ಪ ಎರಡನೇ ಸಲ ಕೇಳಿದರು. ಈ ಸಲ ನೇರವಾಗಿ ಕೇಳಿದರು, ನಿಜವಾಗಿಯೂ ಬೇಡವೇನಮ್ಮ ಅಂತ. ಬೇಡ ಅಂದಳು. ಆ "ಬೇಡ"ಕ್ಕೆ ಬೇರೆ ಅರ್ಥವಿಲ್ಲ ಎಂದು ಅವರು ನಂಬಿದರು, ಅವಳೂ ನಂಬಿದ್ದಳು.

ಬೇಲೂರಿನಲ್ಲಿ ಅಪ್ಪನಿಗೆ ಪರಿಚಯದ ಕಾಂಪೌಂಡರ್ ಒಬ್ಬರಿದ್ದರು, ಔಷಧಿ ಕೊಡುತ್ತ ಹಳ್ಳಿ ಹಳ್ಳಿ ತಿರುಗುವ ಒಳ್ಳೆಯ ಮನುಷ್ಯ. ಅವರಿಗೆ ಗಾಡಿ ಕೊಡುವುದೆಂದಾಯಿತು. ಒಂದು ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಪೆಟ್ರೋಲಿನ ಕ್ಯಾನು ಹಿಡಿದು ಬಂದರು. ಅಜ್ಜಿ ಮಜ್ಜಿಗೆ ಕೊಟ್ಟರು. ಚಿಕ್ಕಮ್ಮ ಒಳಗೆ ಚಪಾತಿ ಲಟ್ಟಿಸುತ್ತಿದ್ದಳು, ಹೊರಗೆ ಬರುವುದಿಲ್ಲ ಎಂದು ಮೊದಲೇ ಹೇಳಿದ್ದಳು. ಕಾಂಪೌಂಡರ್ ಗಾಡಿಯನ್ನು ಅಂಗಳಕ್ಕೆ ತಳ್ಳಿಕೊಂಡು ಬಂದು ಕಿಕ್ಕರ್ ಒದ್ದರು. ಬಹಳ ದಿನ ನಿಂತ ಗಾಡಿ, ಹತ್ತಲಿಲ್ಲ. ಮತ್ತೆ ಒದ್ದರು, ಕೆಮ್ಮಿ ಸುಮ್ಮನಾಯಿತು. ಇನ್ನೊಂದು ಸಲ ಒದ್ದಾಗ ಹತ್ತಿತು.

ಚಿಕ್ಕಪ್ಪ ಹೋದ ಮೇಲೆ ಆ ಸದ್ದನ್ನು ನಾವು ಕೇಳಿಯೇ ಇರಲಿಲ್ಲ. ನಡುವೆ ಒಂದು ಹೊಡೆತ ತಪ್ಪಿಸಿ, ಮತ್ತೆ ಹಿಡಿದುಕೊಳ್ಳುವ ಅದೇ ಸದ್ದು. ಬೀದಿಯ ತಿರುವಿನಲ್ಲಿ ಅದು ಕೇಳಿಸಿದರೆ ಚಿಕ್ಕಪ್ಪ ಬಂದ ಎಂದು ನಮಗೆಲ್ಲ ಗೊತ್ತಾಗುತ್ತಿದ್ದ ಸದ್ದು. ಜಗಲಿಯಲ್ಲಿದ್ದ ಅಪ್ಪ ಕಂಬ ಹಿಡಿದುಕೊಂಡರು. ಒಳಗೆ ಏನೋ ಬಿದ್ದ ಶಬ್ದವಾಯಿತು. ಚಿಕ್ಕಮ್ಮ ಹಿಟ್ಟಿನ ಕೈಯಲ್ಲೇ ಹೊಸ್ತಿಲು ದಾಟಿ, ಪರ ಗಂಡಸಿನ ಎದುರು, ಎಲ್ಲರ ಎದುರು ಅಂಗಳಕ್ಕೆ ಬಂದಳು.

"ಆರಿಸ್ಬೇಡಿ. ಒಂದು ಗಳಿಗೆ ಹಂಗೇ ಇರ್ಲಿ."

ಕಾಂಪೌಂಡರ್ ಅಪ್ಪನ ಮುಖ ನೋಡಿದರು. ಅಪ್ಪ ತಲೆಯಾಡಿಸಿದರು. ಕಾಂಪೌಂಡರ್ ಗಾಡಿಯಿಂದ ಇಳಿದು, ಸ್ಟ್ಯಾಂಡ್ ಹಾಕಿ ದೂರ ಸರಿದು ನಿಂತರು. ಹತ್ತಿರ ಯಾರೂ ಇಲ್ಲದೆ ಗಾಡಿ ತನ್ನಷ್ಟಕ್ಕೆ ಸದ್ದು ಮಾಡುತ್ತ ನಿಂತಿತ್ತು. ಚಿಕ್ಕಮ್ಮ ಅದನ್ನು ಮುಟ್ಟಲಿಲ್ಲ. ಕಣ್ಣು ಮುಚ್ಚಿಕೊಂಡು ಕೇಳಿದಳು. ಬೇಕು ಎಂದು ಅವಳು ಹೇಳಿಯಾಳೆಂದು ನಾನು ಕಾದೆ. ಅಪ್ಪನೂ ಕಾದರೆಂದು ಕಾಣುತ್ತದೆ. ಆದರೆ ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಾಂಪೌಂಡರ್ ಹತ್ತಿ ಹೊರಟರು. ಸದ್ದು ಬೀದಿ ದಾಟಿತು, ಬೇಲೂರು ರಸ್ತೆಗೆ ತಿರುಗಿತು, ಸಣ್ಣದಾಯಿತು. ಅದು ಪೂರ್ತಿ ಕೇಳಿಸದಾದ ಮೇಲೆ ಚಿಕ್ಕಮ್ಮ ಅಪ್ಪನ ಕಡೆ ತಿರುಗಿದಳು.

"ಭಾವ, ಹಂಗೇ ಇತ್ತು ಅಲ್ವಾ?"

"ಹೂಂ ಕಣಮ್ಮ," ಅಂದರು ಅಪ್ಪ. "ಹಂಗೇ ಇತ್ತು."